ತುಟಿಯ ಫಿಲ್ಲರ್ ನಂತರದ ಗಂಟು: ಮೊದಲು ಕೇಳಬೇಕಾದ್ದು ಅದರ ವಯಸ್ಸು

ಈಗ ಕುಳಿತಲ್ಲೇ ನಿಮ್ಮ ನಾಲಿಗೆಯ ತುದಿಯನ್ನು ಕೆಳದುಟಿಯ ಒಳಮೈ ಮೇಲೆ ಒಮ್ಮೆ ನಿಧಾನವಾಗಿ ಆಡಿಸಿ ನೋಡಿ. ಅಲ್ಲಲ್ಲಿ ಮರಳಿನ ಕಣದಂಥ ಸಣ್ಣ ಸಣ್ಣ ಉಬ್ಬುಗಳು ತಗಲುತ್ತವೆ. ಅವು ಕಿರು ಲಾಲಾರಸ ಗ್ರಂಥಿಗಳು. ನಿಮ್ಮ ನೆನಪು ಶುರುವಾಗುವುದಕ್ಕಿಂತ ಮೊದಲಿನಿಂದಲೂ ಅಲ್ಲೇ ಇವೆ. ಮನೆಗೆ ಹೋದ ಮೇಲೆ ಕನ್ನಡಿಯ ಮುಂದೆ ನಿಂತು ಒಂದು ಬದಿಯಿಂದ ಬೆಳಕು ಬೀಳುವಂತೆ ಮುಖ ತಿರುಗಿಸಿ ನೋಡಿದರೆ, ಬಹಳ ಜನರ ಮೇಲ್ದುಟಿಯಲ್ಲಿ ನಡುವೆ ಒಂದು ಮತ್ತು ಎರಡು ಪಕ್ಕಗಳಲ್ಲಿ ಒಂದೊಂದು, ಕೆಳದುಟಿಯಲ್ಲಿ ನಡುಗೆರೆಯ ಆಚೀಚೆ ಒಂದೊಂದು ಮೃದುವಾದ ದಿಬ್ಬ ಇರುವುದು ಕಾಣುತ್ತದೆ. ಕೆಲವರ ತುಟಿಯಂಚಿನಲ್ಲಿ ತಿಳಿ ಹಳದಿಯ ಚುಕ್ಕೆಗಳಿರುತ್ತವೆ. ಅವು ಎಣ್ಣೆಗ್ರಂಥಿಗಳು, ರೋಗವಲ್ಲ. ತುಟಿಯನ್ನು ನಿಸರ್ಗ ಎಂದೂ ಸಪಾಟಾಗಿ ಮಾಡಿಲ್ಲ.

ಗಂಟುಗಳ ಬಗ್ಗೆ ಮಾತನಾಡಲು ಬಂದು ಇದನ್ನೇಕೆ ಮೊದಲು ಹೇಳಿದೆನೆಂದರೆ, ತುಟಿಗೆ ಫಿಲ್ಲರ್, ಅಂದರೆ ತುಟಿ ತುಂಬಿಕೊಂಡು ಕಾಣಲೆಂದು ಸೂಜಿಯಿಂದ ಒಳಗೆ ಚುಚ್ಚುವ ವಸ್ತು, ಹಾಕಿಸಿಕೊಂಡವರು ಜೀವನದಲ್ಲಿ ಮೊದಲ ಬಾರಿಗೆ ತಮ್ಮ ತುಟಿಯನ್ನು ಬೆರಳಿನಿಂದ ಅಂಗುಲ ಅಂಗುಲವಾಗಿ ಮುಟ್ಟಿ ನೋಡಿಕೊಳ್ಳುತ್ತಾರೆ. ಮೊದಲೇ ಇದ್ದದ್ದು ಆಗ ಹೊಸದಾಗಿ ಕಾಣುತ್ತದೆ. ಹಾಗಾಗಿಯೇ ಚುಚ್ಚುವ ಮೊದಲು ತುಟಿ ಮುಚ್ಚಿದ, ತೆರೆದ, ನಗುವ ಭಂಗಿಗಳಲ್ಲಿ ಚೆನ್ನಾದ ಚಿತ್ರಗಳನ್ನು ತೆಗೆದಿಟ್ಟುಕೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ. ವೈದ್ಯರು ತೆಗೆಯದಿದ್ದರೆ ನೀವೇ ತೆಗೆಸಿಕೊಳ್ಳಿ.

ಆದರೆ ಈ ಮಾತನ್ನು ಹಿಡಿದು ಗಂಟಿನ ದೂರನ್ನೆಲ್ಲ ಮನಸ್ಸಿನ ಭ್ರಮೆ ಎಂದು ತಳ್ಳಿಹಾಕುವವರ ಪಕ್ಷಕ್ಕೆ ನಾನು ಸೇರಿದವಳಲ್ಲ. ಚರ್ಮರೋಗ ವೈದ್ಯಳಾಗಿ ನಾನು ನೋಡಿದ ಬಹುಪಾಲು ಗಂಟುಗಳು ನಿಜವಾದ ಗಂಟುಗಳೇ. ಎದುರಿಗಿರುವವರು ನಾವು ಮಾತನಾಡುವಾಗ ನೋಡುವುದು ತುಟಿಯನ್ನೇ. ಅಲ್ಲಿ ಒಂದು ಕಾಳಿನಷ್ಟು ಉಬ್ಬು ಎದ್ದರೂ ಬಾಯಿಗೆ ಕೈ ಅಡ್ಡ ಹಿಡಿದು ಮಾತನಾಡುವ ಅಭ್ಯಾಸ ಹತ್ತಿಬಿಡುತ್ತದೆ. ತಾವೇ ಬಯಸಿ ಮಾಡಿಸಿಕೊಂಡದ್ದಲ್ಲವೇ ಎಂಬ ಅಪರಾಧಿ ಭಾವದಿಂದ ಅವರು ಸಹಾಯ ಕೇಳಲೂ ಹಿಂಜರಿಯುತ್ತಾರೆ, ಕೇಳಿದಾಗ ಮನೆಯವರಿಂದ ಬೈಗುಳವನ್ನೂ ಕೇಳುತ್ತಾರೆ. ಯಾವ ಕಾರಣಕ್ಕೆ ಮಾಡಿಸಿಕೊಂಡರು ಎಂಬುದು ಚಿಕಿತ್ಸೆಗೆ ಸಂಬಂಧಿಸಿದ ಪ್ರಶ್ನೆಯಲ್ಲ. ಸಂಬಂಧಿಸಿದ ಪ್ರಶ್ನೆ ಬೇರೊಂದಿದೆ. ಬಂದವರು ಗಂಟು ಎಷ್ಟು ದೊಡ್ಡದೆಂದು ಹೇಳಲು ಶುರುಮಾಡುತ್ತಾರೆ. ನಾನು ಅದರ ವಯಸ್ಸು ಕೇಳುತ್ತೇನೆ. ಚುಚ್ಚಿ ಎಷ್ಟು ಹೊತ್ತಾಯಿತು, ಗಂಟು ಕಾಣಿಸಿಕೊಂಡು ಎಷ್ಟು ಹೊತ್ತಾಯಿತು? ಕೆಲವು ಗಂಟೆಗಳ ಗಂಟು, ಮೂರು ದಿನದ ಗಂಟು, ಮೂರು ವಾರದ ಗಂಟು, ಆರು ತಿಂಗಳ ಮೇಲೆ ಒಂದು ಬೆಳಿಗ್ಗೆ ಎದ್ದ ಗಂಟು, ಇವೆಲ್ಲ ಕಣ್ಣಿಗೆ ಒಂದೇ ರೀತಿ ಕಂಡರೂ ಬೇರೆ ಬೇರೆ ಕಾರಣದವು, ಮತ್ತು ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಕೇಡಾಗಬಹುದು.

ಕಾರಣಗಳನ್ನು ಅರಿಯಬೇಕಾದರೆ ಒಳಗೆ ಹೋಗಿರುವ ವಸ್ತು ಏನೆಂದು ತಿಳಿಯಬೇಕು. ಇಂದು ತುಟಿಗೆ ಬಳಸುವ ಫಿಲ್ಲರ್‌ಗಳಲ್ಲಿ ಹೆಚ್ಚಿನವು ಹಯಲುರಾನಿಕ್ ಆಮ್ಲದ ಜೆಲ್‌ಗಳು. ಇದು ನಮ್ಮ ದೇಹಕ್ಕೆ ಪರಕೀಯ ವಸ್ತುವಲ್ಲ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಅವರು ಹಸುವಿನ ಕಣ್ಣುಗುಡ್ಡೆಯೊಳಗಿನ ಗಾಜಿನಂಥ ದ್ರವದಿಂದ ಇದನ್ನು ಬೇರ್ಪಡಿಸಿದರು; ಗಾಜು ಎಂಬರ್ಥದ ಗ್ರೀಕ್ ಶಬ್ದದಿಂದಲೇ ಅದಕ್ಕೆ ಆ ಹೆಸರು ಬಂತು. ಎಪ್ಪತ್ತು ಕಿಲೋ ತೂಕದ ಮನುಷ್ಯನ ದೇಹದಲ್ಲಿ ಸುಮಾರು 15 ಗ್ರಾಂನಷ್ಟು ಹಯಲುರಾನಿಕ್ ಆಮ್ಲವಿದ್ದು, ಅದರಲ್ಲಿ ಮೂರನೇ ಒಂದು ಪಾಲು ಪ್ರತಿದಿನ ಕರಗಿ ಹೊಸದಾಗಿ ಹುಟ್ಟುತ್ತದೆ. ಇಷ್ಟು ಬೇಗ ಕರಗುವುದನ್ನು ಹಾಗೆಯೇ ಚುಚ್ಚಿದರೆ ತುಟಿ ಕೆಲವೇ ದಿನಗಳಲ್ಲಿ ಮೊದಲಿನಂತಾಗುತ್ತದೆ. ಆದ್ದರಿಂದ ತಯಾರಕರು ಅದರ ಎಳೆಗಳನ್ನು ರಾಸಾಯನಿಕ ಕೊಂಡಿಗಳಿಂದ ಒಂದಕ್ಕೊಂದು ಹೆಣೆದು, ಬಲೆಯಂಥ ಜೆಲ್ ಮಾಡುತ್ತಾರೆ. ಹೆಣಿಗೆ ಬಿಗಿಯಾದಷ್ಟೂ ಜೆಲ್ ಗಟ್ಟಿಯಾಗಿ ಹೆಚ್ಚು ಕಾಲ ಉಳಿಯುತ್ತದೆ. ಬೆರಳಿಗೆ ಗಂಟಾಗಿ ಸಿಗುವ ಸಾಧ್ಯತೆಯೂ ಅಷ್ಟೇ ಹೆಚ್ಚು. ಕೆನ್ನೆಯೆಲುಬಿನ ಮೇಲೆ ಆಳವಾಗಿ ಇಡಲು ಮಾಡಿದ ಗಟ್ಟಿ ಜೆಲ್ಲನ್ನು ತುಟಿಯ ತೆಳುಚರ್ಮದಡಿ ಇಟ್ಟರೆ ಅದು ಗಂಟಾಗಿ ಕಾಣುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಸಾಮಾನ್ಯವಾಗಿ ಒಂದು ಸಿರಿಂಜಿನಲ್ಲಿರುವುದು 1 ಮಿಲಿಲೀಟರ್, ಅಂದರೆ ಟೀಚಮಚದ ಐದನೇ ಒಂದು ಪಾಲು. ಕೇಳಲು ಅತ್ಯಲ್ಪ. ಆದರೆ ಅದರ ಹತ್ತನೇ ಒಂದಂಶ ಒಂದೇ ಜಾಗದಲ್ಲಿ ಕುಳಿತರೂ ತುಟಿಯಂಥ ಜಾಗದಲ್ಲಿ ಎದ್ದು ಕಾಣುತ್ತದೆ. ಅದರ ಮೇಲೆ, ತುಟಿಯೊಳಗೆ ಬಾಯಿಯನ್ನು ಉಂಗುರದಂತೆ ಸುತ್ತಿದ ಸ್ನಾಯುವೊಂದಿದೆ. ಮಾತು, ಊಟ, ನಗು, ಎಲ್ಲದರಲ್ಲೂ ಅದು ಹಿಂಡುತ್ತಲೇ ಇರುತ್ತದೆ. ಮುಖದ ಬೇರೆ ಭಾಗದಲ್ಲಿ ಸುಮ್ಮನೆ ಕೂರುವ ಜೆಲ್ ಇಲ್ಲಿ ಸದಾ ತಳ್ಳಿಸಿಕೊಳ್ಳುತ್ತಿರುತ್ತದೆ.

ಈಗ ಅತಿ ಚಿಕ್ಕ ವಯಸ್ಸಿನ ಗಂಟಿಗೆ ಬರುತ್ತೇನೆ. ಚುಚ್ಚಿದ ಕೆಲವೇ ನಿಮಿಷ ಅಥವಾ ಗಂಟೆಗಳಲ್ಲಿ ಆಗುವ ಬದಲಾವಣೆಗಳಲ್ಲಿ ಹೆಚ್ಚಿನವು ನಿರುಪದ್ರವಿ. ಒಂದು ಮಾತ್ರ ತುರ್ತುಸ್ಥಿತಿ. ಇವತ್ತಿನ ಮಾತಿನಲ್ಲಿ ಉಳಿದದ್ದೆಲ್ಲ ಮರೆತರೂ ಇದೊಂದು ನೆನಪಿರಲಿ. ತುಟಿಗೆ ರಕ್ತ ಪೂರೈಸುವ ಅಪಧಮನಿಗಳು ಮೇಲ್ದುಟಿ ಮತ್ತು ಕೆಳದುಟಿಗಳ ಉದ್ದಕ್ಕೂ ಹರಿಯುತ್ತವೆ, ಹೆಚ್ಚಿನವರಲ್ಲಿ ಸ್ನಾಯುವಿಗೂ ಒಳಗಿನ ಲೋಳೆಪೊರೆಗೂ ನಡುವೆ. ಆದರೆ ದಾರಿ ಎಲ್ಲರಲ್ಲೂ ಒಂದೇ ಅಲ್ಲ. ಸೂಜಿಯ ತುದಿ ಅಕಸ್ಮಾತ್ ಆ ನಾಳದೊಳಗೆ ಹೋಗಿ ಜೆಲ್ ಅದರಲ್ಲಿ ಸೇರಿದರೆ, ರಕ್ತ ಮುಂದಕ್ಕೆ ಹರಿಯದೆ ಆ ಭಾಗದ ಅಂಗಾಂಶ ಸಾಯತೊಡಗುತ್ತದೆ. ಇದು ಅಪರೂಪ, ಆದರೆ ಅನುಭವಿಗಳ ಕೈಯಲ್ಲೂ ಆಗುವಂಥದ್ದು.

ಅದರ ಗುರುತುಗಳನ್ನು ಸ್ಪಷ್ಟವಾಗಿ ಹೇಳುತ್ತೇನೆ. ತುಟಿಯ ಒಂದು ಭಾಗ, ಅಥವಾ ತುಟಿಯಿಂದ ಮೂಗಿನ ಕಡೆಗೋ ಗಲ್ಲದ ಕಡೆಗೋ ಹಬ್ಬಿದ ಒಂದು ಪಟ್ಟೆ, ಬಿಳಿಚಿಕೊಳ್ಳುತ್ತದೆ. ಅನಂತರ ಅಲ್ಲಿ ಬಲೆ ಬೀಸಿದಂತೆ ನೇರಳೆ ಗೆರೆಗಳು ಮೂಡುತ್ತವೆ. ಬೆರಳಿನಿಂದ ಒತ್ತಿ ಬಿಟ್ಟಾಗ ಒಂದೆರಡು ಸೆಕೆಂಡಿನಲ್ಲಿ ಮರಳಬೇಕಾದ ಕೆಂಬಣ್ಣ ತಡವಾಗಿ ಮರಳುತ್ತದೆ ಅಥವಾ ಮರಳುವುದೇ ಇಲ್ಲ. ನೋವು ಊತಕ್ಕೆ ತಕ್ಕಷ್ಟಿರದೆ ಹೆಚ್ಚುತ್ತಾ ಹೋಗುತ್ತದೆ. ಆದರೆ ನೋವಿಲ್ಲವೆಂದು ನೆಮ್ಮದಿಯಾಗಿರಬೇಡಿ: ಹಲವು ಫಿಲ್ಲರ್‌ಗಳಲ್ಲಿ ಮರಗಟ್ಟಿಸುವ ಲಿಡೊಕೇಯ್ನ್ ಬೆರೆತಿರುವುದರಿಂದ ಮೊದಲ ಗಂಟೆಗಳಲ್ಲಿ ನೋವು ಸುಳ್ಳು ಹೇಳಬಹುದು. ಬಣ್ಣವನ್ನು ನಂಬಿ. ಒಂದೆರಡು ದಿನ ಕಳೆದ ಮೇಲೆ ಅದೇ ಜಾಗದಲ್ಲಿ ಕೀವುಗುಳ್ಳೆಗಳಂಥವು ಏಳುತ್ತವೆ, ಅವನ್ನು ನೋಡಿ ಮೊಡವೆ ಎಂದೋ ಸರ್ಪಸುತ್ತಿನ ಜಾತಿಯ ಗುಳ್ಳೆ ಎಂದೋ ತಪ್ಪು ತಿಳಿಯುವುದುಂಟು.

ಒಬ್ಬ ಯುವತಿಯ ವಿಷಯ ಹೇಳುತ್ತೇನೆ. ಆಕೆಗೆ ಸಂಜೆ ಚುಚ್ಚಿಸಿಕೊಂಡ ನಾಲ್ಕು ಗಂಟೆಗಳ ಮೇಲೆ ಮೇಲ್ದುಟಿಯ ಒಂದು ಪಕ್ಕ ಬಿಳಿಚಿ ಗಟ್ಟಿಯಾಯಿತು. ಚುಚ್ಚಿದ ಕಡೆಗೆ ಫೋನ್ ಮಾಡಿದರೆ ಅದು ಊತ, ಮಂಜುಗಡ್ಡೆ ಇಡಿ ಎಂಬ ಉತ್ತರ ಬಂತು. ರಾತ್ರಿಯಿಡೀ ಆಕೆ ಮಂಜುಗಡ್ಡೆ ಇಟ್ಟುಕೊಂಡಳು. ಮೊದಲೇ ರಕ್ತ ಸಾಲದ ಜಾಗದ ನಾಳಗಳನ್ನು ತಣ್ಣನೆಯ ಒತ್ತಡ ಇನ್ನಷ್ಟು ಸಂಕುಚಿಸುತ್ತದೆ. ಬೆಳಿಗ್ಗೆ ನನ್ನ ಬಳಿ ಬಂದಾಗ ನೇರಳೆ ಬಣ್ಣ ಮೂಗಿನ ಹೊಳ್ಳೆಯವರೆಗೆ ಹಬ್ಬಿತ್ತು. ಜೆಲ್ ಕರಗಿಸುವ ಕಿಣ್ವವನ್ನು ಆ ಇಡೀ ಪ್ರದೇಶಕ್ಕೆ ದೊಡ್ಡ ಪ್ರಮಾಣದಲ್ಲಿ, ಗಂಟೆಗೊಮ್ಮೆಯಂತೆ, ಒತ್ತಿದಾಗ ಬಣ್ಣ ಸರಿಯಾಗಿ ಮರಳುವ ತನಕ ಕೊಟ್ಟೆವು. ತುಟಿ ಉಳಿಯಿತು, ಆದರೆ ತುಟಿಯ ಮೇಲೊಂದು ಸಣ್ಣ ಕಲೆಯೂ ಉಳಿಯಿತು. ಹಿಂದಿನ ರಾತ್ರಿಯೇ ಯಾರಾದರೂ ಆಕೆಯನ್ನು ಕರೆಸಿ ನೋಡಿದ್ದರೆ ಆ ಕಲೆ ಇರುತ್ತಿರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಆದ್ದರಿಂದ ಇಂಥ ಗುರುತು ಕಂಡಾಗ ಫೋನಿನಲ್ಲಿ ಸಿಗುವ ಸಮಾಧಾನವನ್ನು ಒಪ್ಪಬೇಡಿ. ಚುಚ್ಚಿದವರು ಕೂಡಲೇ ನೋಡಲು ಸಿದ್ಧರಿಲ್ಲದಿದ್ದರೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಚುಚ್ಚುವಾಗಲೋ ಅನಂತರವೋ ಕಣ್ಣು ಮಂಜಾದರೆ, ಕಣ್ಣಿನಲ್ಲಿ ತೀವ್ರ ನೋವು ಬಂದರೆ, ಮಾತು ತೊದಲಿದರೆ ಒಂದು ನಿಮಿಷವನ್ನೂ ಕಳೆಯಬಾರದು, ಏಕೆಂದರೆ ಮುಖದ ನಾಳಗಳಿಗೂ ಕಣ್ಣಿನ ನಾಳಗಳಿಗೂ ಸಂಪರ್ಕವಿದೆ. ಹಾಗೆಯೇ ಉಸಿರಾಟ ಕಷ್ಟವಾಗುವುದು, ನಾಲಿಗೆ ಊದಿಕೊಳ್ಳುವುದು ಅಲರ್ಜಿಯ ಲಕ್ಷಣ; ಅದಕ್ಕೂ ತುರ್ತು ಚಿಕಿತ್ಸೆಯೇ ಬೇಕು.

ಇಷ್ಟು ಭಯದ ಮಾತು ಹೇಳಿದ ಮೇಲೆ, ಮೊದಲ ಮೂರು ದಿನಗಳ ಸಾಮಾನ್ಯ ಉಬ್ಬುಗಳ ಬಗ್ಗೆ ಸಮಾಧಾನವಾಗಿ ಮಾತನಾಡಬಹುದು. ತುಟಿಯಲ್ಲಿ ರಕ್ತನಾಳಗಳು ಹೇರಳ. ಸೂಜಿ ಹೋದ ಕಡೆಯಲ್ಲೆಲ್ಲ ಸ್ವಲ್ಪ ರಕ್ತ ಒಸರುತ್ತದೆ, ಸ್ವಲ್ಪ ನೀರು ತುಂಬುತ್ತದೆ, ಜೆಲ್ ತಾನೂ ಸುತ್ತಲಿನ ನೀರನ್ನು ಹೀರಿಕೊಳ್ಳುತ್ತದೆ. ಊತ ಎರಡು ಪಕ್ಕಗಳಲ್ಲಿ ಸಮನಾಗಿರುವುದಿಲ್ಲ. ಬೆಳಿಗ್ಗೆ ಹೆಚ್ಚು, ಸಂಜೆ ಕಡಿಮೆ. ಹೆಪ್ಪುಗಟ್ಟಿದ ರಕ್ತದ ಉಂಡೆ ಮುಟ್ಟಿದರೆ ಗಟ್ಟಿಯಾಗಿ ಫಿಲ್ಲರ್‌ನಂತೆಯೇ ಸಿಗುತ್ತದೆ, ನೋಡಲು ಕಪ್ಪು ನೇರಳೆ ಬಣ್ಣದ್ದಾಗಿರುತ್ತದೆ, ಮತ್ತು ಹತ್ತು ಹದಿನೈದು ದಿನಗಳಲ್ಲಿ ಹಸಿರು, ಹಳದಿಗೆ ತಿರುಗುತ್ತಾ ಇಳಿದು ಹೋಗುತ್ತದೆ. ಬಣ್ಣ ಸರಿಯಾಗಿ ಮರಳುತ್ತಿದೆ ಎಂದು ಖಚಿತವಾಗಿರುವಾಗ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಕೆಲವು ನಿಮಿಷ ಇಟ್ಟು ತೆಗೆಯುವುದು, ಮೊದಲೆರಡು ರಾತ್ರಿ ತಲೆ ಎತ್ತರದಲ್ಲಿಟ್ಟು ಮಲಗುವುದು, ಒಂದೆರಡು ದಿನ ಮದ್ಯ, ಬಿಸಿ ಹಬೆ ಮತ್ತು ಬೆವರಿಳಿಸುವ ವ್ಯಾಯಾಮಗಳಿಂದ ದೂರವಿರುವುದು, ಇಷ್ಟು ಸಾಕು. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ವೈದ್ಯರು ಬೇರೆ ಕಾರಣಕ್ಕೆ ಕೊಟ್ಟಿದ್ದರೆ ಊತದ ಭಯದಿಂದ ನೀವಾಗಿಯೇ ನಿಲ್ಲಿಸಬೇಡಿ. ಹಿಂದೆ ತುಟಿಯ ಮೇಲೆ ಜ್ವರಗುಳ್ಳೆ ಎದ್ದವರಿಗೆ ಸೂಜಿಯ ಪೆಟ್ಟು ಆ ವೈರಾಣುವನ್ನು ಮತ್ತೆ ಎಬ್ಬಿಸಬಹುದು. ಉರಿಯೊಂದಿಗೆ ಗುಂಪಾಗಿ ಏಳುವ ನೀರುಗುಳ್ಳೆಗಳು ಫಿಲ್ಲರ್ ಗಂಟಲ್ಲ, ಅವಕ್ಕೆ ವೈರಾಣು ನಿರೋಧಕ ಮಾತ್ರೆ ಬೇಕು. ಮೊದಲೇ ಹೇಳಿದ್ದರೆ ಅದನ್ನು ಮುಂಚಿತವಾಗಿಯೇ ಕೊಡಬಹುದಿತ್ತು.

ಈ ದಿನಗಳಲ್ಲಿ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಕೈಬೆರಳು. ಗಂಟು ಕಂಡ ಕೂಡಲೇ ಉಜ್ಜಿ, ಹಿಂಡಿ, ಕರಗಿಸಿಬಿಡೋಣ ಎಂಬ ತವಕ ಎಲ್ಲರಿಗೂ ಬರುತ್ತದೆ. ಉಜ್ಜುವುದರ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಕೆಲವರು ಎಲ್ಲರಿಗೂ ಹೇಳುತ್ತಾರೆ, ಕೆಲವರು ಯಾರಿಗೂ ಹೇಳುವುದಿಲ್ಲ. ನನ್ನ ಅಭ್ಯಾಸ ಹೀಗಿದೆ: ಚುಚ್ಚಿದ ಕೂಡಲೇ ಜೆಲ್ ಒಂದೆಡೆ ಗುಂಪಾಗಿರುವುದು ಕೈಗೆ ತಿಳಿದರೆ ನಾನೇ ಅದನ್ನು ಒತ್ತಿ ಹರಡುತ್ತೇನೆ. ಮೊದಲ ವಾರದೊಳಗೆ ಬಂದು ತೋರಿಸಿದವರಲ್ಲಿ ಅದು ಮೆತ್ತನೆಯ ಜೆಲ್ಲೇ ಎಂದು ಖಚಿತವಾದರೆ, ತೊಳೆದ ಕೈಯಿಂದ ಒಂದು ಬೆರಳನ್ನು ತುಟಿಯ ಒಳಗೆ, ಒಂದನ್ನು ಹೊರಗೆ ಇಟ್ಟು, ಉಜ್ಜದೆ, ನಿಧಾನವಾಗಿ ಅದುಮಿ ಹಿಡಿಯುವುದನ್ನು ಕಲಿಸುತ್ತೇನೆ. ದಿನಕ್ಕೆ ಕೆಲವೇ ಬಾರಿ, ಕೆಲವೇ ದಿನ. ಮೂರು ವಾರ ಕಳೆದ ಮೇಲೆ ಜೆಲ್ ಸುತ್ತಲಿನ ಅಂಗಾಂಶದೊಂದಿಗೆ ಹೊಂದಿಕೊಂಡಿರುತ್ತದೆ; ಆಗ ಎಷ್ಟು ಉಜ್ಜಿದರೂ ಗಂಟು ಹೋಗುವುದಿಲ್ಲ, ಊತವಷ್ಟೇ ಹೊಸದಾಗಿ ಬರುತ್ತದೆ. ದಿನಕ್ಕೆ ಹತ್ತಾರು ಬಾರಿ ಒತ್ತಿ ಒತ್ತಿ ಜೆಲ್ಲನ್ನು ತುಟಿಯ ಗೆರೆಯಾಚೆ ಮೇಲಕ್ಕೆ ತಳ್ಳಿಕೊಂಡು, ಮೂಗು ತುಟಿಗಳ ನಡುವೆ ಒಂದು ದಿಂಡು ಮಾಡಿಕೊಂಡವರನ್ನು ನೋಡಿದ್ದೇನೆ. ಕೆಂಪಾಗಿ, ಬಿಸಿಯಾಗಿ, ನೋಯುತ್ತಿರುವ ಗಂಟನ್ನಂತೂ ಯಾವ ಕಾರಣಕ್ಕೂ ಒತ್ತಕೂಡದು.

ಎರಡು ವಾರ ಕಾಯಿರಿ ಎಂದು ವೈದ್ಯರು ಹೇಳುವುದು ನಿಮ್ಮನ್ನು ಸಾಗಹಾಕಲಿಕ್ಕಲ್ಲ. ಬಣ್ಣ ಸಹಜವಾಗಿದ್ದು, ನೋವು ಇಳಿಯುತ್ತಿದ್ದು, ಜ್ವರವಿಲ್ಲದಿದ್ದರೆ ಆ ಎರಡು ವಾರಗಳಲ್ಲಿ ಊತ ಮತ್ತು ರಕ್ತದ ಪಾಲು ಇಳಿದು, ನಿಜವಾಗಿ ಜೆಲ್ಲಿನ ಪಾಲೆಷ್ಟು ಎಂಬುದು ಉಳಿಯುತ್ತದೆ. ಅವಸರಪಟ್ಟು ಮೂರನೇ ದಿನವೇ ಕರಗಿಸಿದರೆ ಇಳಿಯಬೇಕಿದ್ದ ಊತವನ್ನು ನೋಡಿ ಬೇಕಾದ ಜೆಲ್ಲನ್ನೂ ಕಳೆದುಕೊಂಡಂತಾಗುತ್ತದೆ. ಈ ಅವಧಿಯಲ್ಲಿ ದಿನಕ್ಕೊಂದೇ ಚಿತ್ರ ತೆಗೆಯಿರಿ, ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ. ಮುಖಕ್ಕೆ ತೀರಾ ಹತ್ತಿರ ಹಿಡಿದ ಫೋನಿನ ಕ್ಯಾಮೆರಾ ಮುಖದ ನಡುಭಾಗವನ್ನು ದೊಡ್ಡದು ಮಾಡಿ ತೋರಿಸುವುದರಿಂದ, ತೋಳು ಚಾಚಿದಷ್ಟಾದರೂ ದೂರವಿರಲಿ.

ಎರಡು ಮೂರು ವಾರ ಕಳೆದೂ ಉಳಿದ ಗಂಟು, ನೋವಿಲ್ಲದೆ ಮೆತ್ತಗಿದ್ದರೆ, ಬಹುಮಟ್ಟಿಗೆ ತಪ್ಪು ಜಾಗದಲ್ಲೋ ತಪ್ಪು ಪ್ರಮಾಣದಲ್ಲೋ ಕುಳಿತ ಜೆಲ್. ತುಟಿಯನ್ನು ಬಿಗಿದಾಗ ಒಳಪಕ್ಕದ ಒದ್ದೆಭಾಗದಲ್ಲಿ ಬಿಳಿಯ ಮಣಿಯಂತೆ ಕಾಣುವುದು ಒಂದು ಬಗೆ. ಚರ್ಮಕ್ಕೆ ತೀರಾ ಹತ್ತಿರವಿದ್ದು ನೀಲಿಛಾಯೆ ತೋರುವುದು ಇನ್ನೊಂದು ಬಗೆ. ಈ ನೀಲಿಗೆ ಹತ್ತೊಂಬತ್ತನೇ ಶತಮಾನದ ಭೌತವಿಜ್ಞಾನಿ ಜಾನ್ ಟಿಂಡಾಲ್ ಅವರ ಹೆಸರಿದೆ: ಸೂಕ್ಷ್ಮ ಕಣಗಳು ತುಂಬಿದ ಪಾರದರ್ಶಕ ವಸ್ತುವಿನ ಮೂಲಕ ಬೆಳಕು ಹಾಯುವಾಗ ನೀಲಿ ಬಣ್ಣ ಹೆಚ್ಚು ಚದುರುತ್ತದೆ. ತೆಳುವಾದ ಹೊಗೆ ನೀಲಿಯಾಗಿ ಕಾಣುವುದೂ ಈ ಕಾರಣದಿಂದಲೇ. ಇದನ್ನು ಹೆಪ್ಪುಗಟ್ಟಿದ ರಕ್ತವೆಂದು ಭಾವಿಸಿ ತಿಂಗಳುಗಟ್ಟಲೆ ಮುಲಾಮು ಹಚ್ಚಿದವರಿದ್ದಾರೆ. ರಕ್ತದ ಬಣ್ಣ ವಾರಗಳಲ್ಲಿ ಬದಲಾಗುತ್ತದೆ, ಜೆಲ್ಲಿನ ನೀಲಿ ಹಾಗೇ ಇರುತ್ತದೆ. ಮುಲಾಮಿನಿಂದ ಅದಕ್ಕೆ ಏನೂ ಆಗದು.

ಚರ್ಮದ ತೀರಾ ಕೆಳಗೇ ಇರುವ ಸಣ್ಣ ಗಂಟನ್ನು, ಮರಗಟ್ಟಿಸಿದ ಮೇಲೆ, ಸೂಜಿಯ ತುದಿಯಿಂದ ಚುಚ್ಚಿ ಜೆಲ್ಲನ್ನು ಹೊರಗೆ ಒತ್ತಿ ತೆಗೆಯಬಹುದು. ವೈದ್ಯರ ಕೈಯಲ್ಲಿ ಅದು ಕೆಲವೇ ನಿಮಿಷಗಳ ಕೆಲಸ, ಮನೆಯಲ್ಲಿ ಮಾಡಿಕೊಂಡರೆ ಸೋಂಕಿಗೆ ಬಾಗಿಲು ತೆರೆದಂತೆ. ಗಂಟಿನ ಅಕ್ಕಪಕ್ಕದಲ್ಲಿ ಮತ್ತಷ್ಟು ಫಿಲ್ಲರ್ ತುಂಬಿ ಎಲ್ಲವನ್ನೂ ಸಮ ಮಾಡೋಣ ಎಂಬ ಸಲಹೆಯೂ ಕೇಳಿಬರುತ್ತದೆ. ನಡುವೆ ನಿಜವಾದ ಕೊರತೆಯೊಂದಿದ್ದರೆ ಅದು ಸರಿಯಿರಬಹುದು. ಆದರೆ ಗಂಟನ್ನು ಮರೆಸಲಿಕ್ಕೆಂದೇ ತುಂಬಿಸುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಗುಂಡಿಯ ಸುತ್ತ ರಸ್ತೆ ಎತ್ತರಿಸುತ್ತಾ ಹೋದಂತೆ ಅದು ತುಟಿಯನ್ನು ಭಾರ ಮಾಡುತ್ತಾ ಹೋಗುತ್ತದೆ.

ಉಳಿದವಕ್ಕೆ ಇರುವ ಮುಖ್ಯ ಸಾಧನ ಹಯಲುರೊನಿಡೇಸ್ ಎಂಬ ಕಿಣ್ವ. ಇದರ ಕಥೆ ಸ್ವಲ್ಪ ಹಿಂದಿನದು, ಕೇಳಲು ಸ್ವಾರಸ್ಯವಾಗಿಯೂ ಇದೆ. 1928ರಲ್ಲಿ ಫ್ರಾನ್ಸಿಸ್ಕೊ ಡುರಾನ್ ರೆಯ್ನಾಲ್ಸ್ ಎಂಬ ವಿಜ್ಞಾನಿ, ಪ್ರಾಣಿಗಳ ವೃಷಣದ ಸಾರವನ್ನು ಬೆರೆಸಿ ಚುಚ್ಚಿದ ವಸ್ತು ಚರ್ಮದಲ್ಲಿ ಬಹಳ ದೂರ ಹರಡುವುದನ್ನು ಗಮನಿಸಿ, ಆ ಸಾರದಲ್ಲಿ ಹರಡಿಸುವ ಅಂಶವೊಂದಿದೆ ಎಂದರು. ಆ ಅಂಶವೇ ಈ ಕಿಣ್ವ ಎಂಬುದು ಮುಂದೆ ತಿಳಿಯಿತು: ಜೀವಕೋಶಗಳ ನಡುವೆ ತುಂಬಿರುವ ಹಯಲುರಾನಿಕ್ ಆಮ್ಲವನ್ನು ಕತ್ತರಿಸಿ ಅದು ದಾರಿ ಬಿಡಿಸುತ್ತದೆ. ಚುಚ್ಚುಮದ್ದಿನ ದ್ರವ ಚೆನ್ನಾಗಿ ಹರಡಲೆಂದು ದಶಕಗಳಿಂದ ಬಳಕೆಯಲ್ಲಿದ್ದ ಔಷಧ ಇಂದು ಫಿಲ್ಲರ್ ಕರಗಿಸಲು ಒದಗಿಬಂದಿದೆ. ಗಂಟಿನೊಳಕ್ಕೆ ಇದನ್ನು ಸಣ್ಣ ಪ್ರಮಾಣದಲ್ಲಿ ಚುಚ್ಚಿದರೆ ಕೆಲವು ಗಂಟೆಗಳಲ್ಲೇ ಮೆತ್ತಗಾಗತೊಡಗಿ ಒಂದೆರಡು ದಿನಗಳಲ್ಲಿ ಬಹುಪಾಲು ಕೆಲಸ ಮುಗಿಯುತ್ತದೆ. ಬಿಗಿ ಹೆಣಿಗೆಯ ಜೆಲ್ ಆದರೆ ಎರಡು ಮೂರು ಬಾರಿ ಬೇಕಾಗಬಹುದು. ಆದ್ದರಿಂದ ಒಮ್ಮೆಲೇ ಹೆಚ್ಚು ಕೊಡದೆ, ಸ್ವಲ್ಪ ಕೊಟ್ಟು, ಕೆಲವು ದಿನ ಬಿಟ್ಟು ನೋಡಿ, ಮತ್ತೆ ಕೊಡುವುದು ನನ್ನ ಕ್ರಮ. ಒಂದು ಗಂಟನ್ನಷ್ಟೇ ಕರಗಿಸಿ ಉಳಿದದ್ದನ್ನು ಹಾಗೆಯೇ ಉಳಿಸುತ್ತೇವೆ ಎಂದು ಯಾರಿಗೂ ಮಾತು ಕೊಡಲಾಗದು; ಹರಡುವುದೇ ಅದರ ಸ್ವಭಾವವಾದ್ದರಿಂದ ಪಕ್ಕದ ಜೆಲ್ಲೂ ಸ್ವಲ್ಪ ಕರಗುತ್ತದೆ.

ತನ್ನದೇ ಅಂಗಾಂಶ ಕರಗಿಹೋಗುತ್ತದೆಯೇ ಎಂದು ಬಹಳ ಮಂದಿ ಭಯದಿಂದ ಕೇಳುತ್ತಾರೆ. ಆಗಲೇ ಹೇಳಿದ ಲೆಕ್ಕವನ್ನು ನೆನಪಿಸಿಕೊಳ್ಳಿ: ದೇಹ ತನ್ನ ಹಯಲುರಾನಿಕ್ ಆಮ್ಲದ ಮೂರನೇ ಒಂದು ಪಾಲನ್ನು ದಿನವೂ ಹೊಸದಾಗಿ ಮಾಡಿಕೊಳ್ಳುತ್ತದೆ. ಕಿಣ್ವ ತಾನು ಬೇಗ ನಿಷ್ಕ್ರಿಯವಾಗುತ್ತದೆ, ಸ್ವಂತದ್ದು ಮತ್ತೆ ತುಂಬಿಕೊಳ್ಳುತ್ತದೆ. ಕರಗಿಸಿದ ಮರುದಿನ ತುಟಿ ಬಾಡಿದಂತೆ ಕಾಣುವುದು ನಿಜ. ಅದರಲ್ಲೊಂದು ಪಾಲು ತುಂಬಿದ ತುಟಿಗೆ ಒಗ್ಗಿಹೋದ ನಮ್ಮ ಕಣ್ಣಿನದು, ಮತ್ತೊಂದು ಪಾಲು ಮೊದಲು ಹಿಗ್ಗಿದ್ದ ಚರ್ಮದ್ದು. ಇದಕ್ಕಿಂತ ನಿಜವಾದ ಅಪಾಯ ಅಲರ್ಜಿ. ಈ ಔಷಧದ ಹಲವು ರೂಪಗಳನ್ನು ದನ ಅಥವಾ ಕುರಿಯ ಅಂಗಾಂಶದಿಂದ ತಯಾರಿಸುತ್ತಾರೆ, ಮಾನವ ಕಿಣ್ವದ ಪ್ರತಿರೂಪವಾಗಿ ತಯಾರಿಸಿದ್ದೂ ಇದೆ. ಜೇನ್ನೊಣ ಮತ್ತು ಕಣಜಗಳ ವಿಷದಲ್ಲಿಯೂ ಇಂಥದೇ ಕಿಣ್ವವಿದೆ. ಆದ್ದರಿಂದ ಹುಳು ಕಚ್ಚಿ ಎಂದಾದರೂ ಮೈಯೆಲ್ಲ ಊದಿ ಆಸ್ಪತ್ರೆ ಸೇರಿದ್ದರೆ ಅದನ್ನು ಕೇಳುವ ಮೊದಲೇ ಹೇಳಿ. ರಕ್ತನಾಳ ಕಟ್ಟಿದಂಥ ತುರ್ತು ಇಲ್ಲದಿರುವಾಗ ಮುಂಗೈ ಮೇಲೆ ಹನಿಯಷ್ಟು ಚುಚ್ಚಿ ಅರ್ಧ ಗಂಟೆ ನೋಡಿ ಮುಂದುವರಿಯುವುದು ಒಳ್ಳೆಯ ಪದ್ಧತಿ. ಕರಗಿಸಿದ ಮೇಲೆ ಮತ್ತೆ ಫಿಲ್ಲರ್ ಬೇಕೆನಿಸಿದರೆ ಕನಿಷ್ಠ ಎರಡು ವಾರ ಬಿಡಬೇಕು. ನಾನಾದರೆ ಇನ್ನೂ ಹೆಚ್ಚು ಬಿಡಿ ಎನ್ನುತ್ತೇನೆ, ಏಕೆಂದರೆ ಖಾಲಿಯಾದ ತುಟಿಯನ್ನು ಒಂದು ತಿಂಗಳು ನೋಡಿದ ಮೇಲೆ ಕೆಲವರಿಗೆ ಅದೇ ಸಾಕೆನಿಸುತ್ತದೆ.

ಈಗ ತಡವಾಗಿ ಏಳುವ ಗಂಟು. ಎಲ್ಲ ಸರಿಯಾಗಿದ್ದು, ತಿಂಗಳುಗಳ ಮೇಲೆ, ಕೆಲವೊಮ್ಮೆ ವರ್ಷದ ಮೇಲೆ, ಒಂದು ಬೆಳಿಗ್ಗೆ ತುಟಿ ಗಟ್ಟಿಯಾಗಿ, ಕೆಂಪಾಗಿ, ಮುಟ್ಟಿದರೆ ನೋಯುವ ಗಂಟಿನೊಂದಿಗೆ ಎದ್ದವರು ಬಹಳ ಗಾಬರಿಯಾಗುತ್ತಾರೆ. ಫಿಲ್ಲರ್ ಎಂದೋ ಕರಗಿಹೋಗಿದೆ ಎಂದು ಅವರು ನಂಬಿರುತ್ತಾರೆ. ತುಟಿಯಲ್ಲಿ ಅದು ಆರು ತಿಂಗಳಿಂದ ಒಂದು ವರ್ಷ ನಿಲ್ಲುತ್ತದೆ ಎಂದು ಹೇಳುವುದು ರೂಢಿ. ಆದರೆ ಎಂಆರ್‌ಐ ಸ್ಕ್ಯಾನ್‌ಗಳಲ್ಲಿ ಮುಖದ ಫಿಲ್ಲರ್ ಹಲವು ವರ್ಷಗಳ ಮೇಲೂ ಕಂಡುಬಂದಿದೆ. ಹೀಗೆ ಒಳಗೆ ಉಳಿದ ಜೆಲ್ಲನ್ನು ದೇಹದ ರೋಗನಿರೋಧಕ ವ್ಯವಸ್ಥೆ ಯಾವುದೋ ಒಂದು ದಿನ ಗುರುತಿಸಿ ಮುತ್ತಿಗೆ ಹಾಕಬಹುದು. ಅದಕ್ಕೆ ಕಾರಣವಾಗುವುದು ಸಾಮಾನ್ಯ ನೆಗಡಿ ಜ್ವರ, ಹಲ್ಲಿನ ಸೋಂಕು, ಹಲ್ಲಿನ ಚಿಕಿತ್ಸೆ, ಅಪರೂಪಕ್ಕೆ ಲಸಿಕೆ. 2020ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾಡರ್ನಾ ಕೋವಿಡ್ ಲಸಿಕೆಯನ್ನು ಪರಿಶೀಲಿಸಿದಾಗ, ಮೊದಲೇ ಫಿಲ್ಲರ್ ಹಾಕಿಸಿಕೊಂಡಿದ್ದ ಬೆರಳೆಣಿಕೆಯ ಮಂದಿಯಲ್ಲಿ ಮುಖ ಅಥವಾ ತುಟಿ ಊದಿಕೊಂಡದ್ದು ದಾಖಲಾಗಿತ್ತು. ಅವು ವಾಸಿಯೂ ಆದವು. ಲಸಿಕೆ ಬೇಡವೆನ್ನಲು ಇದು ಕಾರಣವಲ್ಲ. ಹಾಗೆ ಊದಿದರೆ ಕಾರಣ ತಿಳಿದಿರಲಿ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನೊಂದು ಸಾಧ್ಯತೆ ಬಯೋಫಿಲ್ಮ್. ಚುಚ್ಚುವಾಗ ಚರ್ಮದಿಂದಲೋ ಬಾಯಿಯಿಂದಲೋ ಒಳಗೆ ಸೇರಿದ ಕೆಲವೇ ಬ್ಯಾಕ್ಟೀರಿಯಾಗಳು ಜೆಲ್ಲಿನ ಮೇಲೆ ತಮ್ಮದೇ ಅಂಟುಪೊರೆ ಕಟ್ಟಿಕೊಂಡು, ಔಷಧಕ್ಕೂ ಬಗ್ಗದೆ ತಿಂಗಳುಗಟ್ಟಲೆ ಅಡಗಿ ಕೂರುತ್ತವೆ. ಮೇಕಪ್ ಪೂರ್ತಿ ತೆಗೆಯದೆ ಚುಚ್ಚುವುದನ್ನು ನಾನು ಕಟುವಾಗಿ ವಿರೋಧಿಸುವುದು ಇದಕ್ಕೇ. ಚುಚ್ಚುವ ಎರಡು ವಾರ ಮೊದಲು ಮತ್ತು ಎರಡು ವಾರ ಅನಂತರ ತುರ್ತಲ್ಲದ ಹಲ್ಲಿನ ಚಿಕಿತ್ಸೆ ಬೇಡವೆನ್ನುವುದೂ ಇದೇ ಕಾರಣಕ್ಕೆ.

ಈ ವಯಸ್ಸಿನ ಗಂಟಿಗೆ ಮೊದಲ ಎರಡು ವಾರಗಳ ಸಲಹೆಗಳು ಯಾವುವೂ ಹೊಂದುವುದಿಲ್ಲ. ಕಾಯುವುದು, ಒತ್ತುವುದು ಎರಡೂ ತಪ್ಪು. ಒಳಗೆ ಕೀವಿದೆ ಎನಿಸಿದರೆ ಅದನ್ನು ಹೊರತೆಗೆದು ಪರೀಕ್ಷೆಗೆ ಕಳಿಸಿ ಆಂಟಿಬಯಾಟಿಕ್ ಕೊಡಬೇಕು. ಸೋಂಕು ಉರಿಯುತ್ತಿರುವಾಗ ಔಷಧದ ರಕ್ಷಣೆಯಿಲ್ಲದೆ ಕಿಣ್ವ ಚುಚ್ಚಿದರೆ ಜೆಲ್ಲಿನೊಂದಿಗೆ ಸೋಂಕೂ ಹರಡಬಹುದು. ಸೋಂಕು ಹತೋಟಿಗೆ ಬಂದ ಮೇಲೆ ಜೆಲ್ಲನ್ನು ಕರಗಿಸಿ ಮೂಲವನ್ನೇ ತೆಗೆಯುತ್ತೇವೆ. ಸೋಂಕಿಲ್ಲದೆ ಉರಿಯೂತವಷ್ಟೇ ಇದ್ದರೆ ಗಂಟಿನೊಳಗೆ ಸ್ಟೀರಾಯ್ಡ್ ಚುಚ್ಚುವುದು ಒಂದು ದಾರಿ. ಆದರೆ ಸ್ಟೀರಾಯ್ಡ್ ಹೆಚ್ಚಾದರೆ ತುಟಿಯಲ್ಲಿ ಕುಳಿ ಬೀಳುತ್ತದೆ, ಆಗ ಗಂಟಿಗಿಂತ ಕುಳಿಯನ್ನು ಸರಿಪಡಿಸುವುದೇ ಕಷ್ಟವಾಗುತ್ತದೆ. ಒಬ್ಬ ಮಹಿಳೆ ಇಂಥ ಗಂಟಿಗೆ ಮೂರು ಕಡೆ ಮೂರು ಬಗೆಯ ಮಾತ್ರೆ ಪಡೆದು, ನುಂಗಿದಾಗ ಇಳಿದು ಬಿಟ್ಟಾಗ ಏಳುವ ಗಂಟಿನೊಂದಿಗೆ ಬಂದಿದ್ದರು. ಅಲ್ಟ್ರಾಸೌಂಡ್‌ನಲ್ಲಿ ಎರಡು ವರ್ಷದ ಹಿಂದಿನ ಜೆಲ್ ಇನ್ನೂ ತುಟಿಯಲ್ಲಿ ಗುಂಡಾಗಿ ಕುಳಿತಿರುವುದು ಸ್ಪಷ್ಟವಾಗಿ ಕಂಡಿತು. ಮಾತ್ರೆಯ ಜೊತೆಗೆ ಅದನ್ನು ಕರಗಿಸಿದ ಮೇಲೆ ಗಂಟು ಮರಳಲಿಲ್ಲ. ಇಷ್ಟೆಲ್ಲ ಮಾಡಿಯೂ ಗಟ್ಟಿಯಾಗಿಯೇ ಉಳಿದರೆ ಸಣ್ಣ ತುಂಡು ತೆಗೆದು ಪರೀಕ್ಷಿಸಬೇಕಾಗುತ್ತದೆ, ಏಕೆಂದರೆ ಅದು ಗ್ರ್ಯಾನುಲೋಮಾ, ಅಂದರೆ ಹೊರವಸ್ತುವಿನ ಸುತ್ತ ರೋಗನಿರೋಧಕ ಕೋಶಗಳು ಗುಂಪುಗೂಡಿ ಕಟ್ಟಿದ ಗಂಟು, ಆಗಿರಬಹುದು, ಅಥವಾ ಫಿಲ್ಲರ್‌ಗೆ ಸಂಬಂಧವೇ ಇಲ್ಲದ ಲಾಲಾರಸದ ನೀರುಗಂಟು ಆಗಿರಬಹುದು.

ಇದುವರೆಗಿನ ಮಾತೆಲ್ಲ ಹಯಲುರಾನಿಕ್ ಆಮ್ಲದ ಜೆಲ್ಲಿಗೆ ಅನ್ವಯಿಸುವಂಥದ್ದು. ದ್ರವ ಸಿಲಿಕೋನ್, ಪಾಲಿಮರ್ ಮಣಿಗಳು, ಕ್ಯಾಲ್ಸಿಯಂ ಕಣಗಳ ಫಿಲ್ಲರ್‌ಗಳಿಗೆ ಈ ಕಿಣ್ವ ಏನೂ ಮಾಡಲಾರದು. ತುಟಿಯ ಸ್ನಾಯು ಅಂಥ ಕಣಗಳನ್ನು ಹಿಂಡಿ ಹಿಂಡಿ ಗುಂಪು ಮಾಡಿ ಗಂಟು ಕಟ್ಟಿಸುತ್ತದೆ. ಕೆಲವಕ್ಕೆ ಕೊನೆಗೆ ಶಸ್ತ್ರಚಿಕಿತ್ಸೆಯೇ ಗತಿ. ಮುಖ ತುಂಬಿಸಲು ದ್ರವ ಸಿಲಿಕೋನ್ ಚುಚ್ಚುವುದಕ್ಕೆ ಎಫ್‌ಡಿಎ ಎಂದೂ ಅನುಮೋದನೆ ಕೊಟ್ಟಿಲ್ಲ. ಸೂಜಿಯಿಲ್ಲದೆ ಒತ್ತಡದಿಂದ ಫಿಲ್ಲರ್ ಹಾಯಿಸುವ ಪೆನ್ನಿನಂಥ ಉಪಕರಣಗಳನ್ನು ಬಳಸಬಾರದೆಂದು ಅದೇ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಎಚ್ಚರಿಸಿತು. ಜೆಲ್ ಎಷ್ಟು ಆಳಕ್ಕೆ, ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲೆ ಅವುಗಳಲ್ಲಿ ಹಿಡಿತವಿಲ್ಲ. ಅಂಥದ್ದನ್ನು ಮನೆಯಲ್ಲೇ ಬಳಸಿ ಗಂಟು ಮಾಡಿಕೊಂಡಿದ್ದರೆ, ದಯವಿಟ್ಟು, ನಾಚಿಕೆಯಿಂದ ಮುಚ್ಚಿಡಬೇಡಿ. ಒಳಗಿರುವುದು ಏನೆಂದು ತಿಳಿಯದ ವೈದ್ಯ ಕತ್ತಲಲ್ಲಿ ಕೈಯಾಡಿಸಿದಂತೆ ಚಿಕಿತ್ಸೆ ಮಾಡಬೇಕಾಗುತ್ತದೆ. ಸಿರಿಂಜಿನ ಪೊಟ್ಟಣದ ಮೇಲೆ ಉತ್ಪನ್ನದ ಹೆಸರು, ಬ್ಯಾಚ್ ಸಂಖ್ಯೆಗಳಿರುವ ಅಂಟುಚೀಟಿ ಇರುತ್ತದೆ. ಅದರ ಒಂದು ಪ್ರತಿಯನ್ನು, ಎಷ್ಟು ಪ್ರಮಾಣ ಎಂದು ಬರೆಸಿಕೊಂಡು, ದಿನಾಂಕದೊಂದಿಗೆ ಇಟ್ಟುಕೊಳ್ಳುವುದು ನಿಮ್ಮ ಹಕ್ಕು. ಚುಚ್ಚಿಸಿಕೊಳ್ಳುವ ಮೊದಲು, ಹಯಲುರೊನಿಡೇಸ್ ಇದೇ ಕಟ್ಟಡದಲ್ಲಿ ಇದೆಯೇ, ರಾತ್ರಿ ಹನ್ನೊಂದಕ್ಕೆ ತೊಂದರೆಯಾದರೆ ಯಾರು ನೋಡುತ್ತಾರೆ ಎಂದೂ ಕೇಳಿ.

ಸಭೆಯಲ್ಲಿ ಒಬ್ಬರು ಬರೆದು ಕಳಿಸಿದ ಪ್ರಶ್ನೆಯೊಂದಿದೆ: ಹೊರಗೆ ಯಾರಿಗೂ ಕಾಣದ, ನೋವಿಲ್ಲದ, ಬೆರಳಿಗೆ ಮಾತ್ರ ಸಿಗುವ ಗಂಟು ಒಂದು ವರ್ಷದಿಂದ ಇದೆ, ಬಿಟ್ಟುಬಿಡಬಹುದೇ? ಒಮ್ಮೆ ವೈದ್ಯರು ಮುಟ್ಟಿ ನೋಡಿ ಅದು ಜೆಲ್ಲೇ ಎಂದು ಹೇಳಿದ್ದರೆ, ಬಿಡಬಹುದು. ಬೆರಳಿಗೆ ಸಿಗುವುದೆಲ್ಲ ತೆಗೆಯಬೇಕಾದ್ದಲ್ಲ. ಅದರ ಮೇಲೆ ಹೊಸ ಫಿಲ್ಲರ್ ಹಾಕಿಸಬೇಡಿ, ದಿನವೂ ಮುಟ್ಟಿ ನೋಡಬೇಡಿ, ತಿಂಗಳಿಗೊಮ್ಮೆ ಒಂದು ಚಿತ್ರ ತೆಗೆಯಿರಿ. ಅದು ಬೆಳೆದರೆ, ಕೆಂಪಾದರೆ, ನೋಯತೊಡಗಿದರೆ, ಅಥವಾ ಅದರ ಮೇಲಿನ ಚರ್ಮ ಒಡೆದು ಎರಡು ಮೂರು ವಾರವಾದರೂ ಮಾಯದಿದ್ದರೆ, ಆ ಚಿತ್ರಗಳನ್ನೂ ಅಂಟುಚೀಟಿಯನ್ನೂ ಹಿಡಿದುಕೊಂಡು ಬನ್ನಿ.